ಡಾಕ್ಟ್ರನ್ನ ಕೇಳಿ: ವಿಟಮಿನ್ ಡಿ ಕಮ್ಮಿ ಇದ್ರೆ ರಕ್ತನಾಳ ಗಟ್ಟಿಯಾಗುತ್ತಾ?

ಈ ಸಲ ಬಂದ ಪ್ರಶ್ನೆಗಳನ್ನ ಜೋಡಿಸ್ತಾ ಕೂತಾಗ ನನಗೇ ನಗು ಬಂತು, ಅರ್ಧಕ್ಕಿಂತ ಜಾಸ್ತಿ ವಿಟಮಿನ್ ಡಿ ಬಗ್ಗೇನೇ ಇವೆ, ಅದೂ ಯಾರೂ ಮೂಳೆ ಬಗ್ಗೆ ಕೇಳಿಲ್ಲ, ಎಲ್ರಿಗೂ ಹಾರ್ಟು, ಬಿಪಿ, ರಕ್ತನಾಳದ್ದೇ ಚಿಂತೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಇದನ್ನೇ ಹಿಡ್ಕೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರೆದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 46 ವರ್ಷ. ಹೆಲ್ತ್ ಚೆಕಪ್ ಮಾಡಿಸಿದಾಗ ಶುಗರ್, ಕೊಲೆಸ್ಟ್ರಾಲ್ ಎಲ್ಲಾ ನಾರ್ಮಲ್, ಬಿಪಿ 128/82. ಆದ್ರೆ ವಿಟಮಿನ್ ಡಿ ಬರೀ 11 ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಡೆಫಿಶಿಯೆನ್ಸಿ ಅಂತ ಹಾಕಿದಾರೆ. ನೆಟ್ಟಲ್ಲಿ ನೋಡಿದ್ರೆ ಡಿ ಕಮ್ಮಿ ಇದ್ರೆ ರಕ್ತನಾಳ ಗಟ್ಟಿಯಾಗುತ್ತೆ, ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಇದೆ. ಎರಡು ದಿನದಿಂದ ನಿದ್ದೆ ಇಲ್ಲ. ನಿಜಾನಾ?

ಉತ್ತರ: ಮೊದ್ಲು ನಿದ್ದೆ ಮಾಡಿ ಅಮ್ಮಾ. 11 ಅಂದ್ರೆ ಕಮ್ಮಿನೇ, ಅದನ್ನ ಸರಿ ಮಾಡ್ಕೋಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಹಾರ್ಟ್ ಅಟ್ಯಾಕ್‌ಗೆ ಮುಂಗಡ ನೋಟಿಸ್ ಅಂತ ಓದ್ಕೋಬೇಡಿ.

ರಕ್ತನಾಳ ಅಂದ್ರೆ ಎಲ್ರೂ ಪ್ಲಾಸ್ಟಿಕ್ ಪೈಪ್ ತರ ಅಂದ್ಕೊಂಡಿರ್ತಾರೆ, ಆದ್ರೆ ಅದು ಜೀವ ಇರೋ ಅಂಗ. ಒಳಗಡೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇರುತ್ತೆ, ಎಂಡೋಥೀಲಿಯಂ ಅಂತೀವಿ, ರಕ್ತ ಜೋರಾಗಿ ಹರಿದಾಗ ಈ ಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತೆ, ಅದು ಸುತ್ತಲಿನ ಸ್ನಾಯುಗೆ ಸಡಿಲ ಆಗು ಅಂತ ಹೇಳುತ್ತೆ, ನಾಳ ಅಗಲ ಆಗುತ್ತೆ. ಇದನ್ನ ಅಳೆಯೋ ವಿಧಾನ ನೋಡೋಕೆ ಚೆನ್ನಾಗಿರುತ್ತೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿಸಿ 5 ನಿಮಿಷ ರಕ್ತ ನಿಲ್ಲಿಸ್ತಾರೆ, ಕೈ ಜುಮ್ ಅನ್ನೋಕೆ ಶುರುವಾಗುತ್ತೆ, ಆಮೇಲೆ ಪುಸ್ ಅಂತ ಗಾಳಿ ಬಿಡ್ತಾರೆ, ತಡೆದಿದ್ದ ರಕ್ತ ನುಗ್ಗುತ್ತೆ, ಆಗ ಮೊಣಕೈ ಮೇಲ್ಗಡೆ ಅಲ್ಟ್ರಾಸೌಂಡ್ ಇಟ್ಟು ನಾಳ ಎಷ್ಟು ಹಿಗ್ಗಿತು ಅಂತ ನೋಡ್ತಾರೆ. ಸುಮಾರು 4 ಮಿಲಿಮೀಟರ್ ಇರೋ ನಾಳ ಒಂದು ನಿಮಿಷದೊಳಗೆ ಕಾಲು ಮಿಲಿಮೀಟರ್‌ನಷ್ಟು ಅಗಲ ಆದ್ರೆ ಒಳಪದರ ಗಟ್ಟಿಮುಟ್ಟಾಗಿದೆ ಅಂತ ಅರ್ಥ. ಸಿಗರೇಟ್ ಸೇದೋರಲ್ಲಿ, ಶುಗರ್ ಇರೋರಲ್ಲಿ ಅಷ್ಟು ಹಿಗ್ಗಲ್ಲ.

ಈಗ ವಿಟಮಿನ್ ಡಿ ಇಲ್ಲಿಗೆ ಹೇಗೆ ಬಂತು ಅಂದ್ರೆ, ಡಿ ತನ್ನ ಕೆಲಸ ಮಾಡೋಕೆ ಒಂದು ರಿಸೆಪ್ಟರ್ ಬೇಕು, ಬೀಗಕ್ಕೆ ಕೀಲಿಕೈ ಇದ್ದಂಗೆ. ಆ ಬೀಗ ಮೂಳೆ, ಕರುಳಲ್ಲಿ ಮಾತ್ರ ಅಲ್ದೆ ರಕ್ತನಾಳದ ಒಳಪದರದಲ್ಲೂ, ನಾಳದ ಸ್ನಾಯುವಿನಲ್ಲೂ ಸಿಕ್ತು. ಡಿ ಇದ್ರೆ ನೈಟ್ರಿಕ್ ಆಕ್ಸೈಡ್ ತಯಾರಿಗೆ ಸಹಾಯ ಆಗುತ್ತೆ, ಉರಿಯೂತ ತಗ್ಗುತ್ತೆ ಅಂತ ಲ್ಯಾಬಲ್ಲಿ ಕಾಣ್ತು. ಡಿ ಕಮ್ಮಿಯಾದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್ (ರಕ್ತದ ಕ್ಯಾಲ್ಸಿಯಂ ನೋಡ್ಕೊಳ್ಳೋ, ಕತ್ತಿನ ಪುಟ್ಟ ಗ್ರಂಥಿಗಳ ಹಾರ್ಮೋನ್) ಏರುತ್ತೆ, ಅದು ಏರಿದೋರಲ್ಲಿ ನಾಳಗಳು ಬಿರುಸಾಗಿರೋದೂ ಕಂಡಿದೆ. ಅಮೇರಿಕಾದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಹಾರ್ಟ್ ಕಾಯಿಲೆ ಇಲ್ಲದ 1,739 ಜನರನ್ನ ಸುಮಾರು 5 ವರ್ಷ ಗಮನಿಸಿ 2008ರಲ್ಲಿ ವರದಿ ಕೊಟ್ರು, ಡಿ ಮಟ್ಟ 15ಕ್ಕಿಂತ ಕೆಳಗಿದ್ದೋರಲ್ಲಿ ಹಾರ್ಟ್ ಮತ್ತು ರಕ್ತನಾಳದ ತೊಂದ್ರೆ ಶೇ. 60ರಷ್ಟು ಜಾಸ್ತಿ ಇತ್ತು. ನೀವು ನೆಟ್ಟಲ್ಲಿ ಓದಿದ್ದು ಬಹುಶಃ ಇದೇ ಸಾಲಿನ ಸುದ್ದಿ. ಸುಳ್ಳಲ್ಲ, ಆದ್ರೆ ಅರ್ಧ ಕಥೆ.

ಮಿಕ್ಕರ್ಧ ಏನಂದ್ರೆ, ಯಾರಿಗೆ ಡಿ ಕಮ್ಮಿ ಇರುತ್ತೆ ಅಂತ ಸ್ವಲ್ಪ ಯೋಚ್ನೆ ಮಾಡಿ. ಹೊರಗೆ ಓಡಾಡದೋರಿಗೆ, ತೂಕ ಜಾಸ್ತಿ ಇರೋರಿಗೆ (ಡಿ ಕೊಬ್ಬಲ್ಲಿ ಕರಗೋ ವಿಟಮಿನ್, ದೊಡ್ಡ ಮೈಯಲ್ಲಿ ಹರಡಿಹೋಗಿ ರಕ್ತದಲ್ಲಿ ಕಮ್ಮಿ ಕಾಣುತ್ತೆ), ವಯಸ್ಸಾದೋರಿಗೆ, ಯಾವುದೋ ಕಾಯಿಲೆಯಿಂದ ಮನೆ ಹಿಡಿದೋರಿಗೆ. ಇವ್ರಿಗೆಲ್ಲ ಹಾರ್ಟ್ ತೊಂದ್ರೆ ಮೊದ್ಲೇ ಜಾಸ್ತಿ. ಹಾಗಿದ್ಮೇಲೆ ಡಿ ಕಮ್ಮಿ ಆಗಿದ್ದಕ್ಕೆ ನಾಳ ಕೆಟ್ಟಿತೋ ಅಥವಾ ನಾಳ ಕೆಡಿಸೋ ಜೀವನವೇ ಡಿ ಮಟ್ಟಾನೂ ಇಳಿಸಿತೋ, ಬರೀ ಗಮನಿಸ್ತಾ ಕೂತ್ರೆ ಗೊತ್ತಾಗಲ್ಲ, ಒಂದು ಗುಂಪಿಗೆ ಡಿ ಕೊಟ್ಟು ಇನ್ನೊಂದಕ್ಕೆ ಖಾಲಿ ಮಾತ್ರೆ ಕೊಟ್ಟು ನೋಡ್ಬೇಕು.

ನೋಡಿದ್ರು ಕೂಡ. ವೈಟಲ್ ಅನ್ನೋ ಟ್ರಯಲ್‌ನಲ್ಲಿ 25,871 ಜನ, ದಿನಕ್ಕೆ 2,000 ಯೂನಿಟ್, 5 ವರ್ಷದ ಮೇಲೆ. 2018ರಲ್ಲಿ ರಿಸಲ್ಟ್ ಬಂತು. ಡಿ ತಗೊಂಡೋರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹಾರ್ಟಿಂದ ಸಾವು ಇಂಥದ್ದಾಗಿದ್ದು 396 ಜನಕ್ಕೆ, ಖಾಲಿ ಮಾತ್ರೆ ತಗೊಂಡೋರಲ್ಲಿ 409. ಅಂದ್ರೆ ಹೆಚ್ಚುಕಮ್ಮಿ ಸಮ. ಅದಕ್ಕಿಂತ ಒಂದು ವರ್ಷ ಮುಂಚೆ ನ್ಯೂಜಿಲೆಂಡಲ್ಲಿ 5,108 ಜನಕ್ಕೆ ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್ ಕೊಟ್ಟು ನೋಡಿದ್ದಾಗ್ಲೂ ಇದೇ ಕಥೆ. ಆಸ್ಟ್ರೇಲಿಯಾದಲ್ಲಿ 21 ಸಾವಿರಕ್ಕೂ ಜಾಸ್ತಿ ಹಿರಿಯರಿಗೆ ತಿಂಗಳಿಗೆ 60,000 ಯೂನಿಟ್ ಕೊಟ್ಟ ಟ್ರಯಲ್ ವರದಿ 2023ರಲ್ಲಿ ಬಂತು, ಅಲ್ಲಿ ಮಾತ್ರ ಡಿ ಗುಂಪಲ್ಲಿ ತೊಂದ್ರೆ ಸ್ವಲ್ಪ ಕಮ್ಮಿ ಇತ್ತು, ಸಾವಿರ ಜನಕ್ಕೆ ಆರರಷ್ಟು ವ್ಯತ್ಯಾಸ, ಅದು ಡಿಯಿಂದಲೇ ಅಂತ ಎದೆ ತಟ್ಟಿ ಹೇಳೋಷ್ಟು ದೊಡ್ಡದಲ್ಲ.

ಇದಕ್ಕೆ ಒಂದು ತಕರಾರು ಇದೆ, ಅದನ್ನೂ ಹೇಳ್ಬೇಕು. ಈ ಟ್ರಯಲ್‌ಗಳಿಗೆ ಸೇರಿದೋರಲ್ಲಿ ಬಹುಪಾಲು ಜನಕ್ಕೆ ಡಿ ಮೊದ್ಲೇ ಸಾಕಷ್ಟಿತ್ತು, ನಿಮ್ಮ ತರ 11 ಇದ್ದೋರು ಕಮ್ಮಿ. ಹೊಟ್ಟೆ ತುಂಬಿದೋನಿಗೆ ಇನ್ನೊಂದು ತುತ್ತು ಹಾಕಿ ಏನಾದ್ರೂ ವ್ಯತ್ಯಾಸ ಆಯ್ತಾ ಅಂತ ಕೇಳಿದಂಗೆ. ಹಾಗಾಗಿ ತೀರಾ ಕಮ್ಮಿ ಇರೋರು ಸರಿ ಮಾಡ್ಕೊಂಡ್ರೆ ನಾಳಕ್ಕೆ ಒಂದಿಷ್ಟು ಅನುಕೂಲ ಆಗ್ಬಹುದು ಅನ್ನೋ ವಾದ ಪೂರ್ತಿ ಬಿದ್ದುಹೋಗಿಲ್ಲ. ನೀವು ಸರಿ ಮಾಡ್ಕೊಳ್ಳಿ, ಮೂಳೆಗೆ, ಸ್ನಾಯುಗೆ ಅದು ಹೇಗೂ ಬೇಕು. ಆದ್ರೆ ನಾಳದ ವಿಷ್ಯಕ್ಕೆ ನಾನು ನಿಮ್ಮ ರಿಪೋರ್ಟಲ್ಲಿ ಕಣ್ಣಿಡೋದು 11ರ ಮೇಲಲ್ಲ, ಆ 128/82 ಮೇಲೆ. ವರ್ಷಕ್ಕೆ ಎರಡು ಸಲ ಬಿಪಿ ಚೆಕ್ ಮಾಡಿಸ್ತಾ ಇರಿ.

ಪ್ರಶ್ನೆ: ಸಾರ್, ನನಗೆ 58, ಬಿಪಿ ಮಾತ್ರೆ ತಗೊಳ್ತಾ 6 ವರ್ಷ ಆಯ್ತು. ನನ್ನ ಫ್ರೆಂಡ್ ಒಬ್ರು ವಿಟಮಿನ್ ಡಿ ಸರಿ ಮಾಡ್ಕೊಂಡ್ಮೇಲೆ ಬಿಪಿ ಮಾತ್ರೆ ಬಿಟ್ಟೇಬಿಟ್ಟೆ ಅಂತಾರೆ. ನಂದು ಡಿ 17 ಇದೆ. ನಾನೂ ಟ್ರೈ ಮಾಡ್ಲಾ?

ಉತ್ತರ: ಡಿ ಸರಿ ಮಾಡ್ಕೊಳ್ಳಿ, ಮಾತ್ರೆ ಬಿಡ್ಬೇಡಿ.

ನಿಮ್ಮ ಫ್ರೆಂಡು ಹೇಳೋದ್ರ ಹಿಂದೆ ಒಂದು ಒಳ್ಳೇ ಸಂಶೋಧನೆ ಇದೆ, ಆದ್ರೆ ಅದು ಇಲಿ ಮೇಲಿನದ್ದು. ಕಿಡ್ನಿ ರೆನಿನ್ ಅನ್ನೋ ವಸ್ತು ಬಿಡುತ್ತೆ, ಅದರಿಂದ ಶುರುವಾಗೋ ಸರಪಳಿಯ ಕೊನೇಲಿ ನಾಳಗಳು ಬಿಗಿಯಾಗಿ ಬಿಪಿ ಏರುತ್ತೆ, ನೀವು ತಗೊಳ್ಳೋ ಮಾತ್ರೆ ಸಾರ್ಟಾನ್ ಜಾತಿದಾದ್ರೆ ಅದು ತಡೆಯೋದೂ ಇದೇ ಸರಪಳಿನ. 2002ರಲ್ಲಿ ಶಿಕಾಗೋ ಯೂನಿವರ್ಸಿಟಿಯೋರು ಡಿ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ರೆನಿನ್ ಸಿಕ್ಕಾಪಟ್ಟೆ ಏರಿ ಬಿಪಿ ಜಾಸ್ತಿ ಆಗೋದನ್ನ ತೋರಿಸಿದ್ರು. ಎಲ್ರಿಗೂ ಖುಷಿಯೋ ಖುಷಿ, ನಮ್ಮ ಕಾಲೇಜಲ್ಲೂ ಅದರ ಮೇಲೆ ಸೆಮಿನಾರ್ ಆಗಿತ್ತು, ನಾನೇ ಸ್ಲೈಡ್ ಹಾಕಿದ್ದೆ. ಮನುಷ್ಯರಲ್ಲಿ ಹಾಗಾಗ್ಲಿಲ್ಲ. ಡೇಲೈಟ್ ಅಂತ ಒಂದು ಟ್ರಯಲ್, 2015ರದ್ದು, ನಿಮಗೆ ಹತ್ತಿರದ್ದು ಯಾಕಂದ್ರೆ ಡಿ ಕಮ್ಮಿ ಇದ್ದು ಬಿಪಿ ಏರ್ತಾ ಇರೋರನ್ನೇ ಆರಿಸಿ ತಗೊಂಡಿದ್ರು, 534 ಜನ. ಅರ್ಧ ಜನಕ್ಕೆ ದಿನಾ 4,000 ಯೂನಿಟ್, ಇನ್ನರ್ಧಕ್ಕೆ 400, ಆರು ತಿಂಗಳು. ರಕ್ತದಲ್ಲಿ ಡಿ ಏರ್ತು, ಬಿಪಿಲಿ ಎರಡು ಗುಂಪಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ.

ನಿಮ್ಮ ಫ್ರೆಂಡ್ ಬಿಪಿ ಇಳಿದಿದ್ರೆ ಬೇರೆ ಕಾರಣ ಇರ್ಬಹುದು, ಬಿಸಿಲಿಗೆ ಅಂತ ವಾಕಿಂಗ್ ಶುರು ಮಾಡಿರ್ತಾರೆ, ತೂಕ ಇಳಿದಿರುತ್ತೆ. ಇಲ್ಲಾ ಅವ್ರು ಮಾತ್ರೆ ಬಿಟ್ಮೇಲೆ ಬಿಪಿ ಚೆಕ್ಕೇ ಮಾಡ್ಸಿಲ್ಲ! ಹೀಗೆ ಬಿಟ್ಟೋರನ್ನ ನಾನು ಸ್ಟ್ರೋಕ್ ವಾರ್ಡಲ್ಲಿ ನೋಡಿದೀನಿ. ದಯವಿಟ್ಟು ಅವ್ರಿಗೂ ಒಂದ್ಸಲ ಚೆಕ್ ಮಾಡಿಸಿ ಅಂತ ಹೇಳಿ.

ಇನ್ನೊಂದು, ನಿಮ್ಮ ಬಿಪಿ ಮಾತ್ರೆ ನೀರಿನ ಮಾತ್ರೆ, ಅಂದ್ರೆ ಥಯಾಜೈಡ್ ಜಾತಿದಾ ಅಂತ ಸ್ಟ್ರಿಪ್ ಹಿಂದೆ ನೋಡಿ. ಅದು ಕ್ಯಾಲ್ಸಿಯಂನ ಮೂತ್ರದಲ್ಲಿ ಹೋಗಕ್ಕೆ ಬಿಡದೆ ಹಿಡಿದಿಡುತ್ತೆ, ಮೇಲಿಂದ ಜಾಸ್ತಿ ಡಿ, ಕ್ಯಾಲ್ಸಿಯಂ ಮಾತ್ರೆ ಸೇರಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ಬಹುದು. ಡಿಗಾಕ್ಸಿನ್ ಅನ್ನೋ ಹಾರ್ಟ್ ಮಾತ್ರೆ ತಗೊಳ್ಳೋರಿಗಂತೂ ಕ್ಯಾಲ್ಸಿಯಂ ಏರಿದ್ರೆ ಎದೆಬಡಿತವೇ ಹೆಚ್ಚುಕಮ್ಮಿ ಆಗೋ ಅಪಾಯ. ನಿಮ್ಮ ಡಾಕ್ಟ್ರಿಗೆ ಎರಡೂ ಒಟ್ಟಿಗೆ ತಗೊಳ್ತಿದೀನಿ ಅಂತ ಬಾಯಿಬಿಟ್ಟು ಹೇಳಿ, ಅವ್ರು ಕೇಳ್ಲಿ ಅಂತ ಕಾಯ್ಬೇಡಿ.

ಪ್ರಶ್ನೆ: ನಮ್ಮಮ್ಮನಿಗೆ ವಾರಕ್ಕೊಂದು 60,000 ಯೂನಿಟ್ ಕ್ಯಾಪ್ಸೂಲ್ 8 ವಾರ ಅಂತ ಬರೆದುಕೊಟ್ಟಿದ್ರು. ಅದು ಮುಗಿದು ಒಂದು ವರ್ಷ ಆಯ್ತು, ಆದ್ರೆ ಅಮ್ಮ ನಿಲ್ಲಿಸಿಲ್ಲ, ವಿಟಮಿನ್ ತಾನೇ ಜಾಸ್ತಿ ಆದ್ರೆ ಏನಾಗುತ್ತೆ ಅಂತಾರೆ. ರಕ್ತನಾಳಕ್ಕೆ ಒಳ್ಳೇದಾಗ್ಲಿ ಅಂತ ಇರ್ಲಿ ಬಿಡ್ಲಾ?

ಉತ್ತರ: ಬೇಡ, ಇವತ್ತೇ ನಿಲ್ಸಿ, ಈ ವಾರದಲ್ಲೇ ಡಿ ಜೊತೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರ್ಸೋ ಟೆಸ್ಟ್) ಮಾಡಿಸಿ. ವಾರಕ್ಕೊಂದು ತಗೊಂಡ್ರೆ ತುಂಬಾ ಜನಕ್ಕೆ ಏನೂ ಆಗಿರಲ್ಲ, ಗಾಬರಿ ಬೇಡ, ಆದ್ರೆ ನೋಡದೆ ಬಿಡೋ ಹಾಗಿಲ್ಲ.

ಇದನ್ನ ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳ್ತಿರೋದಕ್ಕೆ ಕಾರಣ ನಮ್ಮ ದೊಡ್ಡಮ್ಮ. 71 ವರ್ಷ, ಚುರುಕು ಅಂದ್ರೆ ಚುರುಕು, ಕ್ರಾಸ್‌ವರ್ಡ್ ಪೆನ್ನಲ್ಲೇ ತುಂಬ್ತಿದ್ರು. ಒಂದಿನ ಫೋನ್ ಮಾಡಿ ಬಾಯಾರಿಕೆ ಕಣೋ, ರಾತ್ರಿ ನಾಲ್ಕೈದು ಸಲ ಏಳ್ತೀನಿ, ಹೊಟ್ಟೆ ಕಟ್ಟಿದೆ ಅಂದ್ರು. ನಾನು ಶುಗರ್ ಚೆಕ್ ಮಾಡ್ಸಿ, ನೀರು ಕುಡೀರಿ ಅಂದು ಫೋನ್ ಇಟ್ಟೆ. ಶುಗರ್ ನಾರ್ಮಲ್ ಬಂತು, ನಾನೂ ಮರೆತೆ. ಮೂರು ವಾರ ಬಿಟ್ಟು ಅವ್ರ ಮಗಳು ಫೋನ್ ಮಾಡಿ ಅಮ್ಮ ಒಂಥರಾ ಮಾತಾಡ್ತಿದಾರೆ, ನಿನ್ನೆ ನನ್ನ ಹೆಸರೇ ಬರ್ಲಿಲ್ಲ, ಬರೀ ವಾಂತಿ ಅಂದಾಗ ಓಡಿದೆ. ಕ್ಯಾಲ್ಸಿಯಂ 13.8 ಇತ್ತು, ಸಾಮಾನ್ಯವಾಗಿ ಹತ್ತೂವರೆ ದಾಟ್ಬಾರ್ದು. ಯಾವ ಮಾತ್ರೆ ತಗೊಳ್ತಿದೀರಾ ಅಂತ ಕೇಳಿದ್ರೆ ಕಪಾಟಿಂದ ಖಾಲಿ ಸ್ಟ್ರಿಪ್ಪುಗಳ ಒಂದು ಕಟ್ಟು ತಂದುಕೊಟ್ರು, ನೀಟಾಗಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ರು, ಡಾಕ್ಟ್ರಿಗೆ ಲೆಕ್ಕ ತೋರ್ಸೋಕಂತೆ. ಎಣಿಸಿದ್ರೆ 19, ಒಂದೊಂದ್ರಲ್ಲಿ 4. ವಾರಕ್ಕೊಂದು ಅಂತ ಬರೆದಿದ್ದನ್ನ ದಿನಕ್ಕೊಂದು ಅಂತ ಓದ್ಕೊಂಡು ಎರಡೂವರೆ ತಿಂಗಳಲ್ಲಿ 76 ಕ್ಯಾಪ್ಸೂಲ್, ಅಂದ್ರೆ 45 ಲಕ್ಷ ಯೂನಿಟ್ ಮೇಲೆ. ಜೊತೆಗೆ ಬಿಪಿಗೆ ನೀರಿನ ಮಾತ್ರೆ ಬೇರೆ. ಡ್ರಿಪ್ ಹಾಕಿ, ಎರಡನ್ನೂ ನಿಲ್ಲಿಸಿ ಕ್ಯಾಲ್ಸಿಯಂ ಇಳಿಸಿದ್ರು, ಆದ್ರೆ ಡಿ ಕೊಬ್ಬಲ್ಲಿ ಕೂತಿರುತ್ತಲ್ಲ, ಮೈಯಿಂದ ಪೂರ್ತಿ ಹೋಗೋಕೆ ತಿಂಗಳುಗಳೇ ಹಿಡೀತು. ಮೊದಲನೇ ಫೋನಲ್ಲೇ ಇನ್ನೊಂದು ಪ್ರಶ್ನೆ ಕೇಳಿದ್ರೆ ಆಗ್ತಿತ್ತು, ಕೇಳ್ಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ರಕ್ತನಾಳದ ಭಾಗ. ಜಾಸ್ತಿ ಆದ ಡಿ ನಾಳಕ್ಕೆ ಒಳ್ಳೇದು ಮಾಡೋದಿರ್ಲಿ, ಉಲ್ಟಾ ಹೊಡೆಯುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಏರಿದ್ರೆ ಅದು ನಾಳದ ಗೋಡೆಯಲ್ಲಿ, ಕಿಡ್ನಿಯಲ್ಲಿ ಸುಣ್ಣದ ತರ ಕೂರುತ್ತೆ. ಲ್ಯಾಬಲ್ಲಿ ಇಲಿಗಳಿಗೆ ರಕ್ತನಾಳ ಸುಣ್ಣಗಟ್ಟೋ ಕಾಯಿಲೆ ಬರ್ಸೋಕೆ ಉಪಯೋಗಿಸೋ ಹಳೇ ವಿಧಾನಗಳಲ್ಲಿ ಒಂದು ಯಾವ್ದು ಗೊತ್ತಾ, ವಿಟಮಿನ್ ಡಿ ಮಿತಿಮೀರಿ ಕೊಡೋದು! ದಿನಕ್ಕೆ ಬೇಕಾಗಿರೋದು 70 ವರ್ಷದವರೆಗೆ 600 ಯೂನಿಟ್, ಆಮೇಲೆ 800, ಡಾಕ್ಟ್ರ ಕಣ್ಗಾವಲಿಲ್ಲದೆ ದಿನಾ 4,000 ದಾಟ್ಬಾರ್ದು. ರಕ್ತದಲ್ಲಿ ಮಟ್ಟ 150 ದಾಟಿದ್ರೆ ವಿಷ ಅಂತಲೇ ಲೆಕ್ಕ.

ಪ್ರಶ್ನೆ: ಡಿ ಜೊತೆ ವಿಟಮಿನ್ ಕೆ2 ತಗೊಂಡ್ರೆ ಕ್ಯಾಲ್ಸಿಯಂ ನಾಳ ಬಿಟ್ಟು ಮೂಳೆಗೆ ಹೋಗುತ್ತಂತೆ, ವಿಡಿಯೋದಲ್ಲಿ ನೋಡಿದೆ.

ಉತ್ತರ: ವಿಡಿಯೋದಲ್ಲಿ ಟ್ರಾಫಿಕ್ ಪೊಲೀಸ್ ತರ ಕೈ ತೋರ್ಸಿ ಕ್ಯಾಲ್ಸಿಯಂನ ಮೂಳೆ ಕಡೆ ಕಳಿಸೋ ಚಿತ್ರ ಇತ್ತಾ? ನಾನೂ ನೋಡಿದೀನಿ. ನಾಳದಲ್ಲಿ ಸುಣ್ಣ ಕೂರದಂತೆ ತಡೆಯೋ ಒಂದು ಪ್ರೋಟೀನ್ ಇದೆ, ಅದು ಕೆಲಸ ಮಾಡೋಕೆ ವಿಟಮಿನ್ ಕೆ ಬೇಕು, ಅಲ್ಲೀವರೆಗೆ ನಿಜ. ಡೆನ್ಮಾರ್ಕಲ್ಲಿ ಹಾರ್ಟ್ ವಾಲ್ವಲ್ಲಿ ಸುಣ್ಣ ಕೂತಿದ್ದ 365 ಗಂಡಸರಿಗೆ ಎರಡು ವರ್ಷ ಕೆ2, ಡಿ ಎರಡನ್ನೂ ಕೊಟ್ಟು ನೋಡಿದ್ರು, 2022ರಲ್ಲಿ ವರದಿ ಬಂತು, ವಾಲ್ವಲ್ಲಿ ಸುಣ್ಣ ಕೂರೋ ವೇಗ ಕಮ್ಮಿ ಆಗ್ಲಿಲ್ಲ. ನಿಮ್ಮಿಷ್ಟ. ಆದ್ರೆ ರಕ್ತ ತೆಳು ಮಾಡೋಕೆ ವಾರ್ಫರಿನ್ ತಗೊಳ್ತಿದ್ರೆ ಕೆ2 ಮುಟ್ಲೇಬೇಡಿ, ಆ ಮಾತ್ರೆ ಕೆಲಸ ಮಾಡೋದೇ ವಿಟಮಿನ್ ಕೆನ ತಡೆದು.

ಪ್ರಶ್ನೆ: ನಾನು ದಿನಾ ಬೆಳಿಗ್ಗೆ 7 ಗಂಟೆಗೆ ಕಿಟಕಿ ಪಕ್ಕ ಗಾಜಿನ ಹಿಂದೆ ಎಳೆಬಿಸಿಲಲ್ಲಿ ಅರ್ಧ ಗಂಟೆ ಕೂತ್ಕೋತೀನಿ, ಪೇಪರ್ ಓದ್ತೀನಿ. ಆದ್ರೂ ಡಿ ಏರ್ತಿಲ್ಲ, ಯಾಕೆ?

ಉತ್ತರ: ಪೇಪರ್ ಓದೋಕೆ ಒಳ್ಳೇ ಜಾಗ, ಡಿಗೆ ಅಲ್ಲ. ಚರ್ಮದಲ್ಲಿ ಡಿ ತಯಾರಾಗೋಕೆ ಬೇಕಾಗಿರೋದು ಬಿಸಿಲಲ್ಲಿರೋ ಯುವಿಬಿ ಅನ್ನೋ ಕಣ್ಣಿಗೆ ಕಾಣದ ಕಿರಣ, ಅದನ್ನ ಸಾಮಾನ್ಯ ಕಿಟಕಿ ಗಾಜು ಬಹುಮಟ್ಟಿಗೆ ತಡೆದುಬಿಡುತ್ತೆ. ಎಳೆಬಿಸಿಲಲ್ಲಿ ಸೂರ್ಯ ಓರೆಯಾಗಿರೋದ್ರಿಂದ ಆ ಕಿರಣ ವಾತಾವರಣದಲ್ಲೇ ಸೋಸಿಹೋಗುತ್ತೆ. ಗಡಿಯಾರ ನೋಡೋಕಿಂತ ನೆರಳು ನೋಡಿ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರೆ ಡಿ ತಯಾರಾಗುತ್ತೆ, ಉದ್ದ ಇದ್ರೆ ಅಷ್ಟಕ್ಕಷ್ಟೆ. ಕೈಕಾಲಿಗೆ ಬಿಸಿಲು ಬಿದ್ರೆ ಸಾಕು, ಚರ್ಮ ಕೆಂಪಾಗೋವರೆಗೆ ನಿಲ್ಲೋದು ಬೇಡ. ಚರ್ಮದ ಬಣ್ಣ ಗಾಢ ಇದ್ದಷ್ಟೂ ಹೊತ್ತು ಜಾಸ್ತಿ ಬೇಕು. ಬಿಸಿಲಿಂದ ಡಿ ಮಿತಿಮೀರುತ್ತೆ ಅನ್ನೋ ಭಯ ಇಲ್ಲ, ಜಾಸ್ತಿ ಆಗಿದ್ದನ್ನ ಬಿಸಿಲೇ ಚರ್ಮದಲ್ಲಿ ಬೇರೆ ವಸ್ತುವಾಗಿ ಒಡೆದುಹಾಕುತ್ತೆ.

ಇಲ್ಲೊಂದು ಮಜಾ ಇದೆ. ಬ್ರಿಟನ್ನಿನ ಸೌತಾಂಪ್ಟನ್, ಎಡಿನ್‌ಬರಾ ವಿಜ್ಞಾನಿಗಳು 2014ರಲ್ಲಿ 24 ಆರೋಗ್ಯವಂತರ ಚರ್ಮಕ್ಕೆ ಯುವಿಎ (ಬಿಸಿಲಲ್ಲಿರೋ ಇನ್ನೊಂದು ತರದ ಕಿರಣ) ಬೆಳಕು ಬಿಟ್ಟು ನೋಡಿದ್ರು, ಯುವಿಎಯಿಂದ ಡಿ ತಯಾರಾಗಲ್ಲ, ಆದ್ರೂ ಸ್ವಲ್ಪ ಹೊತ್ತು ಬಿಪಿ ಇಳೀತು. ಚರ್ಮದಲ್ಲಿ ನೈಟ್ರಿಕ್ ಆಕ್ಸೈಡ್‌ನ ದಾಸ್ತಾನು ಇರುತ್ತೆ, ಬೆಳಕು ಬಿದ್ರೆ ಅದು ರಕ್ತಕ್ಕೆ ಸೇರಿ ನಾಳ ಸಡಿಲ ಆಗುತ್ತೆ. ಅಂದ್ರೆ ಬಿಸಿಲಲ್ಲಿ ಓಡಾಡೋರ ಬಿಪಿ ಚೆನ್ನಾಗಿರೋದನ್ನ ನೋಡಿ ನಾವು ಇಷ್ಟು ವರ್ಷ ಶಭಾಷ್ ಅಂದಿದ್ದು ಡಿಗೆ, ಅದರಲ್ಲಿ ಒಂದು ಪಾಲು ಬಿಸಿಲಿಗೇ ಸಲ್ಬೇಕಾಗಿತ್ತೋ ಏನೋ. ಮಾತ್ರೆಯಿಂದ ಬಿಪಿ ಯಾಕೆ ಇಳೀಲಿಲ್ಲ ಅಂತ ಯೋಚಿಸುವಾಗ ನನಗೆ ಈ ಪ್ರಯೋಗ ನೆನಪಾಗ್ತಾ ಇರುತ್ತೆ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಡಯಾಲಿಸಿಸ್ ನಡೀತಿದೆ. ಅವ್ರಿಗೆ ಕೊಡೋ ಡಿ ಬೇರೆ ತರದ್ದಂತೆ, ಅಂಗಡಿದು ತಗೋಬೇಡಿ ಅಂದ್ರು. ಯಾಕೆ?

ಉತ್ತರ: ಸರಿಯಾಗೇ ಹೇಳಿದಾರೆ. ಚರ್ಮದಲ್ಲಿ ಹುಟ್ಟಿದ ಡಿ ಮೊದ್ಲು ಲಿವರ್‌ಗೆ, ಅಲ್ಲಿಂದ ಕಿಡ್ನಿಗೆ ಹೋಗಿ ಅಲ್ಲಿ ಕೊನೇ ಹಂತದ ಚುರುಕು ಪಡೆಯುತ್ತೆ. ಕಿಡ್ನಿ ಸೋತಿದ್ರೆ ಆ ಹಂತ ಆಗಲ್ಲ, ಅದಕ್ಕೇ ಅದನ್ನ ಮುಗಿಸಿರೋ ಅಥವಾ ಕಿಡ್ನಿ ಸಹಾಯ ಬೇಡದ ರೂಪದ ಡಿ ಕೊಡ್ತಾರೆ, ಅದು ಪ್ಯಾರಾಥೈರಾಯ್ಡ್ ಹತೋಟಿಗೆ. ಅದು ತುಂಬಾ ಪವರ್‌ಫುಲ್, ಕ್ಯಾಲ್ಸಿಯಂ ಬೇಗ ಏರುತ್ತೆ, ಡಯಾಲಿಸಿಸ್‌ನೋರ ನಾಳಗಳಲ್ಲಿ ಮೊದ್ಲೇ ಸುಣ್ಣ ಕೂರೋದು ಜಾಸ್ತಿ. ಹಾರ್ಟ್ ರಕ್ಷಣೆಗೆ ಅಂತ ಜಪಾನಲ್ಲಿ 976 ಡಯಾಲಿಸಿಸ್ ರೋಗಿಗಳ ಮೇಲೆ ಇಂಥ ಡಿ ಪ್ರಯೋಗ ಮಾಡಿದ್ರು, 2018ರ ವರದಿ, ಹಾರ್ಟ್ ತೊಂದ್ರೆ ಕಮ್ಮಿ ಆಗ್ಲಿಲ್ಲ. ಅವ್ರ ಕಿಡ್ನಿ ಡಾಕ್ಟ್ರು ತಿಂಗಳ ರಿಪೋರ್ಟ್ ನೋಡಿ ಡೋಸ್ ಹೇಳ್ತಾರಲ್ಲ, ಅದರಾಚೆ ಒಂದು ಹನಿಯೂ ಬೇಡ ಅಕ್ಕಾ.

ಪ್ರಶ್ನೆ: ಡಿ ತಗೊಂಡ್ರೆ ಕಾಲಿನ ವೆರಿಕೋಸ್ ವೇನ್ ಹೋಗುತ್ತಾ?

ಉತ್ತರ: ಇಲ್ಲ. ಅದು ರಕ್ತ ಮೇಲಕ್ಕೆ ಏರಿಸೋ ಸಣ್ಣ ಕವಾಟಗಳ ಸೋಲು. ಸ್ಟಾಕಿಂಗ್ಸ್ ಹಾಕಿ, ನಡೀರಿ, ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ನನ್ನ ಡಿ ಒಂದು ಲ್ಯಾಬಲ್ಲಿ 48, ಎರಡು ವಾರ ಬಿಟ್ಟು ಇನ್ನೊಂದ್ರಲ್ಲಿ 19. ಮಧ್ಯೆ ಒಂದು ಕ್ಯಾಪ್ಸೂಲ್ ಬೇರೆ ತಗೊಂಡಿದ್ದೆ. ಯಾರನ್ನ ನಂಬೋದು?

ಉತ್ತರ: ಎರಡನ್ನೂ ನಂಬಿ! ರಿಪೋರ್ಟಿನ ಆ ಚಿಕ್ಕ ಅಕ್ಷರ ನೋಡಿ, ಒಂದರಲ್ಲಿ ನ್ಯಾನೋಮೋಲ್, ಇನ್ನೊಂದರಲ್ಲಿ ನ್ಯಾನೋಗ್ರಾಂ ಅಂತಿರುತ್ತೆ, ಅಳತೆ ಬೇರೆ ಬೇರೆ. ನ್ಯಾನೋಮೋಲ್‌ನ ಎರಡೂವರೆಯಿಂದ ಭಾಗಿಸಿ, 48 ಹೋಗಿ 19 ಆಯ್ತು. (ಮೇಲೆ ನಾನು ಹೇಳಿದ ನಂಬರ್ರೆಲ್ಲ ನ್ಯಾನೋಗ್ರಾಂ ಲೆಕ್ಕದ್ದು.) 20 ಇದ್ರೆ ಹೆಚ್ಚಿನವರಿಗೆ ಸಾಕು ಅಂತ ಅಮೇರಿಕಾದ ವೈದ್ಯಕೀಯ ಸಂಸ್ಥೆ 2011ರಲ್ಲಿ ಹೇಳಿತ್ತು, ಅದೇ ವರ್ಷ ಅಲ್ಲಿನ ಎಂಡೋಕ್ರೈನ್ ಸೊಸೈಟಿ (ಹಾರ್ಮೋನ್ ತಜ್ಞರ ಸಂಘ) 30 ಬೇಕು ಅಂತು, 2024ರಲ್ಲಿ ಆ 30ರ ಗುರಿಯನ್ನ ಸೊಸೈಟಿನೇ ಕೈಬಿಡ್ತು, ಆರೋಗ್ಯವಾಗಿರೋರಿಗೆ ಸುಮ್ಮಸುಮ್ನೆ ಟೆಸ್ಟ್ ಮಾಡಿಸೋದೂ ಬೇಡ ಅಂತು. ಹಾಗಾಗಿ ನಿಮ್ಮ 19 ಗಡಿಯಲ್ಲಿದೆ ಅಷ್ಟೆ. ಡಿ ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಎರಡು ಮೂರು ವಾರ ಬೇಕು, ಮಟ್ಟ ಒಂದು ಕಡೆ ನಿಲ್ಲೋಕೆ ಎರಡು ಮೂರು ತಿಂಗಳು, ಅದಕ್ಕೆ ಮುಂಚೆ ಮತ್ತೆ ಟೆಸ್ಟ್ ಮಾಡಿಸಿ ದುಡ್ಡು ಕಳೀಬೇಡಿ. ಮುಂದಿನ ಸಲ ಅದೇ ಲ್ಯಾಬಿಗೆ ಹೋಗಿ, ಕೈ ಚಾಚಿದಾಗ ಬಿಪಿನೂ ನೋಡಿ ಅನ್ನಿ.